ಹಳೆಯ ಅಂಬಾಸಿಡರ್‌ನ ಹೆಡ್‌ಲೈಟ್‌ಗೆ ರಿಲೇ ಹಾಕಿಸುವವರ ಗಮನಕ್ಕೆ

ಹಳೆಯ ಅಂಬಾಸಿಡರ್‌ನ ಹೆಡ್‌ಲೈಟ್ ಮಂಕಾದ ಕೂಡಲೇ ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿಸಲು ಹೊರಡಬೇಡಿ. ದೋಷ ಬಹುಮಟ್ಟಿಗೆ ವೈರಿಂಗ್‌ನಲ್ಲಿರುತ್ತದೆ. ಬ್ಯಾಟರಿಯಿಂದ ಹೊರಟ ಕರೆಂಟ್ ಡ್ಯಾಶ್‌ಬೋರ್ಡ್‌ನ ಸ್ವಿಚ್ಚನ್ನೂ ಡಿಮ್-ಡಿಪ್ ಸ್ವಿಚ್ಚನ್ನೂ ದಾಟಿ, ಹಳೆಯ ಸಣ್ಣ ವೈರುಗಳಲ್ಲಿ ಮತ್ತೆ ಮುಂದಕ್ಕೆ ಬರಬೇಕಾದ್ದರಿಂದ ದಾರಿಯಲ್ಲೇ ವೋಲ್ಟೇಜ್ ಕುಸಿಯುತ್ತದೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ತಗ್ಗುತ್ತದೆ.

ಎಂಜಿನ್ ಓಡುತ್ತಿರುವಾಗ ಲೈಟ್ ಹಾಕಿ, ಬ್ಯಾಟರಿಯಲ್ಲೂ ಬಲ್ಬ್ ಹೋಲ್ಡರ್‌ನಲ್ಲೂ ಮಲ್ಟಿಮೀಟರ್ ಹಿಡಿದು ಅಳೆಯಿರಿ. ವ್ಯತ್ಯಾಸ ಒಂದು ವೋಲ್ಟ್ ದಾಟಿದ್ದರೆ ಹೈ ಬೀಮ್‌ಗೊಂದು, ಲೋ ಬೀಮ್‌ಗೊಂದು ರಿಲೇ (ಹಳೆಯ ಸ್ವಿಚ್ಚಿನಿಂದ ಬರುವ ಸಣ್ಣ ಕರೆಂಟಿನಿಂದ ಚಾಲೂ ಆಗಿ, ಬ್ಯಾಟರಿಯ ಕರೆಂಟನ್ನು ನೇರವಾಗಿ ಬಲ್ಬಿಗೆ ಬಿಡುವ ಸ್ವಿಚ್) ಹಾಕಿಸುವುದು ಸೂಕ್ತ. ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಿರಲಿ. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್‌ನಿಂದ ನೇರವಾಗಿ 2.5 ಚದರ ಮಿ.ಮೀ. ತಾಮ್ರದ ವೈರ್ ಬರಬೇಕು, 87ರಿಂದ ಬಲ್ಬಿಗೆ ಅಷ್ಟೇ ದಪ್ಪದ ವೈರ್ ಹೋಗಬೇಕು; ಹೆಡ್‌ಲೈಟ್‌ಗೆ ಬರುತ್ತಿದ್ದ ಹಳೆಯ ವೈರನ್ನು 86ಕ್ಕೆ ಕೊಟ್ಟು, 85ನ್ನು ಕಾರಿನ ಲೋಹದ ಮೈಗೆ ಜೋಡಿಸಿ ಅರ್ತ್ ಮಾಡಬೇಕು. ಸ್ವಿಚ್ ಅರ್ತ್ ಬದಿಯಲ್ಲಿರುವ ಬೇರೆ ಕಾರುಗಳಿಗೆ ಈ ಜೋಡಣೆ ಹೊಂದುವುದಿಲ್ಲ.

ಪ್ರತಿ ರಿಲೇಗೂ ಬೇರೆ ಬೇರೆಯಾಗಿ 15 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಹಾಕಿಸಿ. ಎರಡಕ್ಕೂ ಒಂದೇ ಫ್ಯೂಸ್ ಇದ್ದು ಅದು ಹೋದರೆ, ರಾತ್ರಿ ಘಾಟಿ ರಸ್ತೆಯ ತಿರುವಿನಲ್ಲಿ ಸಂಪೂರ್ಣ ಕತ್ತಲಾಗುತ್ತದೆ. ಅನೇಕರು ಕಡೆಗಣಿಸುವುದು ಅರ್ತನ್ನು: ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹಕ್ಕೇ ಬೋಲ್ಟ್ ಬಿಗಿಯಬೇಕು. ಕರಕಲಾದ ಹೋಲ್ಡರ್ ಇದ್ದರೆ ಸೆರಾಮಿಕ್ ಹೋಲ್ಡರ್ ಹಾಕಿಸಿ, 60/55 ವ್ಯಾಟ್ ಬಲ್ಬನ್ನೇ ಉಳಿಸಿಕೊಳ್ಳಿ. ಮಳೆನೀರು ನಿಲ್ಲದಂತೆ ರಿಲೇಯ ಪಿನ್ನುಗಳು ಕೆಳಮುಖವಾಗಿರಲಿ.