ಗಾಳಿ ಬೆನ್ನಿಗಿರಲಿ: ಕಾನೂನಿನೊಳಗೇ ಬಾತು ಬೇಟೆ

ಅಮೆರಿಕದಲ್ಲಿ ಸಾಕಿದ ಬಾತುಗಳನ್ನು ನೀರಿಗೆ ಬಿಟ್ಟು ಕಾಡುಬಾತುಗಳನ್ನು ಸೆಳೆಯುವುದು, ಕಾಳು ಚೆಲ್ಲಿ ಕಾಯುವುದು 1935ರಿಂದಲೇ ನಿಷಿದ್ಧ. ಧ್ವನಿಮುದ್ರಿಕೆ ಹಾಕಿ ಕೂಗಿಸುವಂತೆಯೂ ಇಲ್ಲ. ಉಳಿದಿರುವುದು ಪ್ಲಾಸ್ಟಿಕ್ಕಿನ ನಕಲಿ ಬಾತು, ಬಾಯಲ್ಲಿ ಊದುವ ಪೀಪಿ, ಗಾಳಿಯ ಲೆಕ್ಕ. ಬಲ್ಲವರಿಗೆ ಇಷ್ಟು ಧಾರಾಳ.

ಬಾತು ಇಳಿಯುವುದು ಗಾಳಿಗೆ ಎದುರಾಗಿ. ಹಾಗಾಗಿ ಗಾಳಿ ಬೆನ್ನಿಗೆ ಬೀಸುವ ದಡದಲ್ಲಿ ಕೂರಬೇಕು. ಹಕ್ಕಿ ನೇರ ಎದುರಿಗೇ ಬರುತ್ತದೆ. ಸೂರ್ಯನೂ ಹಿಂದಿದ್ದರೆ ಇನ್ನೂ ಒಳ್ಳೆಯದು. ಸಣ್ಣ ಕೆರೆಗೆ 12ರಿಂದ 18 ನಕಲಿ ಬಾತು ಸಾಕು. ಅವನ್ನು ಎರಡು ಗುಂಪು ಮಾಡಿ ನಡುವೆ 20 ಅಡಿ ನೀರು ಖಾಲಿ ಬಿಡಿ. ಹಕ್ಕಿ ಇಳಿಯುವ ಆ ಜಾಗ ನಿಮ್ಮಿಂದ 20–25 ಗಜದಲ್ಲಿರಲಿ. ಕಟ್ಟಕಡೆಯ ನಕಲಿ ಬಾತು 35 ಗಜಕ್ಕೆ. ಅದರಾಚೆಗೆ ಗುಂಡು ಹಾರಿಸಿದರೆ ಹಕ್ಕಿ ಬರೀ ಗಾಯಗೊಂಡು ಹೋಗುತ್ತದೆ. ಒಂದು ನಕಲಿ ಬಾತಿಗೂ ಇನ್ನೊಂದಕ್ಕೂ ನಾಲ್ಕೈದು ಅಡಿ ಬಿಡುವಿರಬೇಕು. ಬೆದರಿದ ಬಾತುಗಳು ಒತ್ತೊತ್ತಾಗಿ ಸೇರುತ್ತವೆ, ಮೇಲೆ ಹಾರುವವಕ್ಕೆ ಅದು ಚೆನ್ನಾಗಿ ಗೊತ್ತು.

ಗಾಳಿಯಿಲ್ಲದ ಬೆಳಗ್ಗೆ ಅಲುಗದ ನೀರೇ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕೆ ಎಳೆಹಗ್ಗ ಬೇಕು: ಆಚೆ ತುದಿಯಲ್ಲಿ ಗೂಟ, ಗೂಟಕ್ಕೆ ನಾಲ್ಕು ಅಡಿ ಎಲಾಸ್ಟಿಕ್, ಅದಕ್ಕೆ ಮೂರ್ನಾಲ್ಕು ನಕಲಿ ಬಾತು ಪೋಣಿಸಿದ 100 ಅಡಿ ಕಪ್ಪು ದಾರ. ಹಕ್ಕಿಗಳು ದೂರದಲ್ಲಿ ಸುತ್ತುವಾಗ ಎಳೆದು ಬಿಡಿ, ಅಲೆ ಏಳುತ್ತದೆ. ರೆಕ್ಕೆ ಬಾಗಿಸಿ ಇಳಿಯತೊಡಗಿದರೆ ಕೈ ನಿಲ್ಲಿಸಿ. ಗೂಟದ ಬದಲು ಹಗುರ ಲಂಗರು ಹಾಕಿದರೆ ಜಾರಿಬಂದು ದಾರ ಸಡಿಲವಾಗುತ್ತದೆ. ಪೀಪಿಯನ್ನೂ ಹಕ್ಕಿಯ ಬಾಲ ಕಂಡಾಗ ಮಾತ್ರ ಊದಬೇಕು. ನಿಮ್ಮತ್ತ ಮುಖ ಮಾಡಿದಾಗ ಊದಿದರೆ ದನಿ ಬಂದ ಪೊದೆಯನ್ನೇ ಅದು ದಿಟ್ಟಿಸುತ್ತದೆ.

ಹಕ್ಕಿಗಳು ಪ್ರತಿ ಸುತ್ತಿನಲ್ಲೂ ಒಂದೇ ಕಡೆ ಹೊರಳಿ ಹೋಗುತ್ತಿದ್ದರೆ ಅಲ್ಲೇನೋ ತಪ್ಪಿದೆ. ಮೇಲೆತ್ತಿದ ಮುಖ, ಹೊಳೆಯುವ ಖಾಲಿ ತೋಟೆ, ನಕಲಿ ಬಾತಿನ ಬೆನ್ನಿಗೆ ಕೂತ ಬಿಳಿ ಹಿಮ, ಇವನ್ನು ಮೊದಲು ನೋಡಿ. ಗಾಳಿ ತಿರುಗಿದ್ದರೆ ಸೋಮಾರಿತನ ಬೇಡ, ಎಲ್ಲವನ್ನೂ ಕಿತ್ತು ಮತ್ತೆ ಹೂಡಿ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬಾತು ಬೇಟೆ ಅಪರಾಧ. ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಬರುವ ಸೂಜಿಬಾಲದ ಬಾತನ್ನು ಕ್ಯಾಮೆರಾದಲ್ಲಿ ಹಿಡಿಯುವವರಿಗೆ ಮಾತ್ರ ಗಾಳಿ, ಬಿಸಿಲಿನ ಈ ಲೆಕ್ಕ ಹಾಗೇ ಒಪ್ಪುತ್ತದೆ.

ಅಮೆರಿಕದಲ್ಲಿ ಬಂದೂಕು ಹಿಡಿಯುವವರು 16 ತುಂಬಿದ್ದರೆ ರಾಜ್ಯದ ಲೈಸೆನ್ಸ್ ಜೊತೆಗೆ 25 ಡಾಲರಿನ ಡಕ್ ಸ್ಟ್ಯಾಂಪ್ (ಬಾತು ಬೇಟೆಗೆ ಕೇಂದ್ರ ಸರ್ಕಾರದ ಪರವಾನಗಿ ಚೀಟಿ) ಇಟ್ಟುಕೊಂಡಿರಬೇಕು. ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯಬಾರದು. ಬಾತು ಬೇಟೆಯಲ್ಲಿ ಸೀಸದ ಚರೆಗೆ (ತೋಟೆಯೊಳಗಿನ ಸಣ್ಣ ಗುಂಡುಗಳಿಗೆ) 1991ರಿಂದ ನಿಷೇಧ. ಉಕ್ಕಿನ ಚರೆ ಹಗುರ, ಆದ್ದರಿಂದ ಸೀಸಕ್ಕಿಂತ ಎರಡು ಗಾತ್ರ ದೊಡ್ಡದು ಆರಿಸಿ. ಹಲವರು ಸಿಕ್ಕಿಬೀಳುವುದು ಕಾಳಿನ ವಿಷಯದಲ್ಲಿ: ಚೆಲ್ಲಿದ್ದನ್ನೆಲ್ಲ ಬಳಿದ ಮೇಲೂ 10 ದಿನ ಆ ಜಾಗದಲ್ಲಿ ಬೇಟೆಯಿಲ್ಲ, ಚೆಲ್ಲಿದವರು ಬೇರೆಯವರಾದರೂ ನಿಮಗೆ ಗೊತ್ತಾಗಬೇಕಿತ್ತು ಎಂದಾದರೆ ಹೊಣೆ ನಿಮ್ಮದೇ. ಹಿಂದಿನ ದಿನವೇ ದಡ ಸುತ್ತಿ, ಹೊಲದವರನ್ನು ಕೇಳಿ.