ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಅವಸರವಿಲ್ಲದೆ ಅಳವಡಿಸುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್‌ನ ಸೌಲಭ್ಯವನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಕೇಳುವುದರಿಂದ, ಇನ್ನೂ ಹಲವು ವರ್ಷ ದುಡಿಯಬಲ್ಲ ಎಷ್ಟೋ ಕಂಪ್ಯೂಟರ್‌ಗಳು ಅದಕ್ಕೆ ಅನರ್ಹವಾಗಿವೆ. ಅಂಥ ಯಂತ್ರಗಳಿಗೆ ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಒಳ್ಳೆಯ ಆಸರೆ. ಅಳವಡಿಕೆಯೇನೋ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಜಾಣ್ಮೆ ಬೇಕಾಗುವುದು ಅದಕ್ಕೂ ಮುಂಚಿನ ಸಿದ್ಧತೆಯಲ್ಲಿ.

ಮೊದಲು, ನೀವು ನಿಜಕ್ಕೂ ಬಳಸುವ ತಂತ್ರಾಂಶಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫೈರ್‌ಫಾಕ್ಸ್, ಕ್ರೋಮ್, ವಿಎಲ್‌ಸಿ ಮುಂತಾದವು ಲಿನಕ್ಸ್‌ನಲ್ಲೂ ಸಿಗುತ್ತವೆ. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ ತೆರೆಯುತ್ತದೆಯಾದರೂ, ಜಟಿಲ ಕೋಷ್ಟಕಗಳ ವಿನ್ಯಾಸ ಅಲ್ಲಲ್ಲಿ ಕದಲಬಹುದು, ಮ್ಯಾಕ್ರೋಗಳು (ಕಡತದೊಳಗೇ ಬರೆದಿಟ್ಟ ಸ್ವಯಂಚಾಲಿತ ಆಜ್ಞೆಗಳು) ಕೈಕೊಡಬಹುದು. ಫೋಟೋಶಾಪ್‌ಗೆ ಲಿನಕ್ಸ್ ಆವೃತ್ತಿಯೇ ಇಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ‘ವೈನ್’ ಎಂಬ ಸಾಧನವೊಂದಿದೆ, ಆದರೆ ಹೊಟ್ಟೆಪಾಡಿನ ಕೆಲಸವನ್ನು ಅದರ ಭರವಸೆಗೆ ಬಿಡುವುದು ತರವಲ್ಲ. ಇಂಥ ಅನಿವಾರ್ಯ ತಂತ್ರಾಂಶ ಒಂದಿದ್ದರೂ ವಿಂಡೋಸನ್ನು ಅಳಿಸದೆ ಎರಡನ್ನೂ ಜೊತೆಗಿಟ್ಟುಕೊಳ್ಳಿ.

ಎರಡನೆಯದು ಕಡತಗಳ ನಕಲು. ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿದರೆ ಸಾಲದು. ಅದನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ನಾಲ್ಕಾರು ಕಡತಗಳನ್ನು ತೆರೆದೇ ನೋಡಬೇಕು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಬಹಳ ಮಂದಿ ಮರೆಯುತ್ತಾರೆ. ಡಿಸ್ಕಿಗೆ ಬಿಟ್‌ಲಾಕರ್ ಗೂಢಲಿಪೀಕರಣವಿದೆಯೇ ಎಂಬುದನ್ನೂ ಈಗಲೇ ಪರೀಕ್ಷಿಸಿ, 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಬೂಟ್ (ಕಂಪ್ಯೂಟರ್ ಚಾಲೂ ಆಗುವ) ಸಂಯೋಜನೆಯನ್ನು ಮುಟ್ಟಿದ ಮೇಲೆ ವಿಂಡೋಸ್ ಈ ಕೀಲಿಯನ್ನು ಕೇಳಬಹುದು, ಅದಿಲ್ಲದೆ ಡಿಸ್ಕ್ ತೆರೆಯುವುದಿಲ್ಲ.

ಡಿಸ್ಟ್ರೋಗಳ, ಎಂದರೆ ಲಿನಕ್ಸ್‌ನ ಬೇರೆಬೇರೆ ರೂಪಗಳ, ಆಯ್ಕೆಯಲ್ಲಿ ವಾರಗಟ್ಟಲೆ ಕಳೆಯುವವರಿದ್ದಾರೆ, ಅಷ್ಟು ಅಗತ್ಯವಿಲ್ಲ. ಉಬುಂಟು, ಫೆಡೋರಾ, ಡೆಬಿಯನ್ ಎಲ್ಲವೂ ಸಮರ್ಥವೇ. ವಿಂಡೋಸಿಗೆ ಒಗ್ಗಿದ ಕೈಗೆ ಲಿನಕ್ಸ್ ಮಿಂಟ್ ಬೇಗ ಹಿಡಿತಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. 4 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರಕ್ಕೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಒಪ್ಪುತ್ತದೆ.

ಅಧಿಕೃತ ತಾಣದಿಂದಲೇ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆಯನ್ನು ಒಳಗೊಂಡ ಒಂದೇ ಕಡತ) ಇಳಿಸಿಕೊಂಡು, ಅದರ ಎಸ್‌ಎಚ್‌ಎ-256 ಮೊತ್ತವನ್ನು, ಎಂದರೆ ಕಡತದಿಂದ ಲೆಕ್ಕಹಾಕುವ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲನ್ನು, ಅಲ್ಲಿ ಕೊಟ್ಟಿರುವುದರೊಂದಿಗೆ ತಾಳೆ ನೋಡಿ. ಒಂದು ಅಕ್ಷರ ಬೇರೆಯಾದರೂ ಕಡತ ಕೆಟ್ಟಿದೆ ಎಂದೇ ಅರ್ಥ. ಬಳಿಕ ರೂಫಸ್ ಅಥವಾ ಬಲೇನಾ ಎಚರ್ ಎಂಬ ತಂತ್ರಾಂಶ ಬಳಸಿ ಆ ಕಡತವನ್ನು 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಅದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಪೆನ್‌ಡ್ರೈವ್ ಸಿಕ್ಕಿಸಿ ಕಂಪ್ಯೂಟರನ್ನು ಮರುಚಾಲನೆ ಮಾಡುವಾಗ, ತಯಾರಕರನ್ನು ಅವಲಂಬಿಸಿ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ಬೂಟ್ ಮೆನು ಬರುತ್ತದೆ. ಅಲ್ಲಿ ಪೆನ್‌ಡ್ರೈವನ್ನು ಆರಿಸಿದರೆ, ಡಿಸ್ಕನ್ನು ಮುಟ್ಟದೆ ಇಡೀ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಲಿನಕ್ಸ್‌ನ ಈ ‘ಲೈವ್’ ಸೌಲಭ್ಯವನ್ನು ಪೂರ್ತಿ ಬಳಸಿಕೊಳ್ಳಿ. ವೈಫೈ ಸಿಗುತ್ತಿದೆಯೇ, ಧ್ವನಿ ಬರುತ್ತಿದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರಗೊಳ್ಳುತ್ತದೆಯೇ, ಪ್ರಿಂಟರ್ ಕಾಗದ ಉಗುಳುತ್ತದೆಯೇ ಎಂದು ಒಂದೊಂದಾಗಿ ನೋಡಿ. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಡ್ರೈವರನ್ನು (ಯಂತ್ರಭಾಗವನ್ನು ನಡೆಸುವ ತಂತ್ರಾಂಶ) ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ. ಅಂಥಲ್ಲಿ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಿದರೆ, ಎಂದರೆ ಮೊಬೈಲಿನ ಸಂಪರ್ಕವನ್ನು ಹಂಚಿಕೊಂಡರೆ, ತಾತ್ಕಾಲಿಕವಾಗಿ ಅಂತರ್ಜಾಲ ಸಿಗುತ್ತದೆ.

ಎರಡೂ ವ್ಯವಸ್ಥೆ ಬೇಕೆನ್ನುವವರು ವಿಂಡೋಸ್‌ನೊಳಗಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಅದರ ಪಾರ್ಟಿಷನ್ (ಡಿಸ್ಕಿನಲ್ಲಿ ಅದಕ್ಕೆ ಮೀಸಲಾದ ಭಾಗ) ಕುಗ್ಗಿಸಿ, ಸಾಧ್ಯವಾದರೆ 100 ಜಿಬಿ ಜಾಗವನ್ನು ಖಾಲಿ ಬಿಡಬೇಕು. ‘ಫಾಸ್ಟ್ ಸ್ಟಾರ್ಟಪ್’ ಆಯ್ಕೆಯನ್ನೂ ತೆಗೆಯಬೇಕು. ಅದಿರುವ ತನಕ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ರೆಯಲ್ಲಿರುತ್ತದೆ, ಅದರ ಡಿಸ್ಕಿಗೆ ಲಿನಕ್ಸ್‌ನಿಂದ ಬರೆಯುವುದು ಅಪಾಯಕರ.

ಇನ್‌ಸ್ಟಾಲರ್‌ನಲ್ಲಿ ಭಾಷೆ, ಕೀಲಿಮಣೆ, ಕಾಲವಲಯ, ಬಳಕೆದಾರರ ಹೆಸರುಗಳ ಪ್ರಶ್ನೆಗಳು ಸಲೀಸು. ನಿಧಾನಿಸಬೇಕಾದದ್ದು ಒಂದೇ ಪರದೆಯಲ್ಲಿ: ವಿಂಡೋಸ್ ಪಕ್ಕದಲ್ಲಿ ಅಳವಡಿಸಬೇಕೋ, ಇಡೀ ಡಿಸ್ಕ್ ಅಳಿಸಬೇಕೋ ಎಂದು ಅದು ಕೇಳುತ್ತದೆ. ಎರಡು ಡಿಸ್ಕ್‌ಗಳಿದ್ದರೆ ಗಾತ್ರವನ್ನು ಓದಿ, ಯಾವುದು ಯಾವುದೆಂದು ಖಚಿತಪಡಿಸಿಕೊಂಡ ನಂತರವೇ ಮುಂದುವರಿಯಿರಿ. ದೃಢೀಕರಿಸಿದ ಮೇಲೆ ಹಿಂದೆ ಸರಿಯುವ ದಾರಿ ಇಲ್ಲ.

ಹೊಸ ವ್ಯವಸ್ಥೆ ತೆರೆದೊಡನೆ ಎಲ್ಲ ಪರಿಷ್ಕರಣೆಗಳನ್ನು ಹಾಕಿ, ಎನ್‌ವಿಡಿಯಾ ಕಾರ್ಡ್ ಇದ್ದಲ್ಲಿ ಡ್ರೈವರ್ ಮ್ಯಾನೇಜರ್ ಸೂಚಿಸುವ ಡ್ರೈವರನ್ನು ಆರಿಸಿ, ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸಬಲ್ಲ ಟೈಮ್‌ಶಿಫ್ಟ್ ತಂತ್ರಾಂಶದಲ್ಲಿ ಮೊದಲ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ನಕಲು) ತೆಗೆದಿಡಿ. ಕನ್ನಡ ಟೈಪಿಂಗ್‌ಗೆ ಐಬಸ್ ಮತ್ತು ಎಂ17ಎನ್ ಪ್ಯಾಕೇಜುಗಳನ್ನು ಹಾಕಿಕೊಂಡರೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸಗಳು ದೊರೆಯುತ್ತವೆ. ವಿಂಡೋಸಿಗೆ ಮರಳಿದಾಗ ಗಡಿಯಾರ ತಪ್ಪು ತೋರಿಸಿದರೆ ಗಾಬರಿ ಬೇಡ: ಯಂತ್ರದ ಗಡಿಯಾರದಲ್ಲಿರುವುದು ಯುಟಿಸಿ (ಜಾಗತಿಕ ಪ್ರಮಾಣ) ಸಮಯವೆಂದು ಲಿನಕ್ಸ್ ಎಣಿಸುತ್ತದೆ, ಸ್ಥಳೀಯ ಸಮಯವೆಂದು ವಿಂಡೋಸ್ ಎಣಿಸುತ್ತದೆ. ಎರಡರಲ್ಲೊಂದರ ಸಂಯೋಜನೆ ಬದಲಿಸಿದರೆ ಸರಿಹೋಗುತ್ತದೆ.

ಪೆನ್‌ಡ್ರೈವನ್ನು ಅಳಿಸಬೇಡಿ. ಮುಂದೆಂದಾದರೂ ವಿಂಡೋಸ್‌ನ ದೊಡ್ಡ ಪರಿಷ್ಕರಣೆಯ ನಂತರ ಲಿನಕ್ಸ್‌ನ ಬೂಟ್ ಮೆನು ಕಾಣೆಯಾದರೆ, ಅದೇ ಪೆನ್‌ಡ್ರೈವಿನಿಂದ ಲೈವ್ ವ್ಯವಸ್ಥೆ ತೆರೆದು ‘ಬೂಟ್ ರಿಪೇರ್’ ಎಂಬ ದುರಸ್ತಿ ಸಾಧನ ಓಡಿಸಿ ಸಾಮಾನ್ಯವಾಗಿ ಅದನ್ನು ಮರಳಿ ಪಡೆಯಬಹುದು.