ಚೀಟಿಯಲ್ಲಿ ಎಲ್ಲ ಹಸಿರು, ಟೈರ್ ಮಾತ್ರ ಬೋಳು

ಕೈಜಾರಿ ಬಿದ್ದ ಒಂದು ಸ್ಕ್ರೂ ಹುಡುಕುತ್ತಾ ಕಾರಿನ ಮುಂದೆ ಮಂಡಿಯೂರಿದ್ದೆ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿ ನಿಂತಿತ್ತು. ಸ್ಕ್ರೂ ಸಿಗಲಿಲ್ಲ. ಎಡಗಡೆ ಮುಂದಿನ ಟೈರಿನ ಒಳ ಅಂಚು ಕಣ್ಣಿಗೆ ಬಿತ್ತು. ಎರಡು ಬೆರಳಗಲ ನುಣ್ಣಗೆ ಬೋಳಾಗಿತ್ತು. ಒಂದು ಕಡೆ ನೂಲು ಕಾಣಲು ಶುರುವಾಗಿತ್ತು. ಎದ್ದು ನಿಂತು ಪಕ್ಕದಿಂದ ನೋಡಿದರೆ ಅದೇ ಟೈರ್ ಹೊಸದರ ಹಾಗೆ ಕಾಣುತ್ತಿತ್ತು. ಟೈರ್ ಹಾಕಿಸಿ ಆಗ ಬರೀ 9,000 ಕಿ.ಮೀ. ಆಗಿತ್ತು.

ಅದಕ್ಕೂ ಹಿಂದಿನ ಜೋಡಿ ಹೋಗಿದ್ದೂ ಹೀಗೇ. ಆಗ "ಗುಂಡಿಗೆ ಇಳಿಸಿರಬೇಕು" ಅಂದುಕೊಂಡು ಸುಮ್ಮನಾಗಿದ್ದೆ. ಒಂದೂವರೆ ವರ್ಷದಲ್ಲಿ ಮೂರು ಸಲ ಅಲೈನ್‌ಮೆಂಟ್, ಅಂದರೆ ಯಂತ್ರದಲ್ಲಿ ಚಕ್ರಗಳ ಕೋನ ಅಳೆದು ಸರಿ ಮಾಡುವ ಕೆಲಸ, ಮಾಡಿಸಿದ್ದೆ. ಮೂರು ಸಲವೂ ಕೈಗೆ ಬಂದ ಚೀಟಿಯಲ್ಲಿ ಎಲ್ಲ ಅಂಕಿಗಳೂ ಹಸಿರು, ಅಂದರೆ ಎಲ್ಲ ಸರಿ. ಮಾಡಿದವರ ಮೇಲೆ ಸಿಟ್ಟು ಬಂದಿದ್ದು ನಿಜ. ಆದರೆ ಯಂತ್ರ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಅದು ಗೊತ್ತಾಗುವ ಹೊತ್ತಿಗೆ ಇನ್ನೂ ಎರಡು ತಿಂಗಳು ಕಳೆದಿತ್ತು.

ಈ ಸಲ ಮತ್ತೆ ಗಾಡಿ ತೆಗೆದುಕೊಂಡು ಓಡಲಿಲ್ಲ. ಒಂದು ನೋಟ್‌ಬುಕ್ ತೆಗೆದೆ. ಟ್ರೆಡ್ (ಟೈರಿನ ಮೇಲ್ಮೈಯ ಗೀರುಗಳ) ಆಳ ಅಳೆಯುವ ಸಣ್ಣ ಗೇಜಿನಿಂದ ನಾಲ್ಕೂ ಟೈರುಗಳನ್ನು ಒಳಗೆ, ನಡುವೆ, ಹೊರಗೆ ಅಂತ ಮೂರು ಕಡೆ ಅಳೆದು ಬರೆದೆ. ಎಡ ಮುಂದಿನದು ಹೊರಗೆ 6.2 ಮಿ.ಮೀ., ನಡುವೆ 5.6, ಒಳ ಅಂಚಿನ ಹತ್ತಿರದ ಕೊನೆಯ ಗೀರಿನಲ್ಲಿ 1.4. ಟ್ರೆಡ್ ನಡುವೆ ಇರುವ ಸವೆತದ ಗುರುತು 1.6 ಮಿ.ಮೀ.ಗೆ ಸಿಗುತ್ತದೆ, ಅಂದರೆ ಅದನ್ನೂ ದಾಟಿತ್ತು. ಬಲ ಮುಂದಿನದರಲ್ಲಿ ಒಳಗೂ ಹೊರಗೂ ಅರ್ಧ ಮಿ.ಮೀ. ವ್ಯತ್ಯಾಸ, ಅಷ್ಟೇ. ಹಿಂದಿನ ಎರಡೂ ಸಮ.

ಗಾಳಿ ಕಮ್ಮಿಯಾದರೆ ಎರಡೂ ಅಂಚು ಸವೆಯುತ್ತವೆ, ಜಾಸ್ತಿಯಾದರೆ ನಡು ಸವೆಯುತ್ತದೆ. ನನ್ನದು ಎರಡೂ ಅಲ್ಲ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಇಲ್ಲವೇ ಬ್ಯಾಲೆನ್ಸಿಂಗ್ ಕಡೆ ನೋಡುತ್ತಿದ್ದೆ. ಅದೂ ಇರಲಿಲ್ಲ. ಉಳಿದಿದ್ದು ಕ್ಯಾಂಬರ್ ಅಥವಾ ಟೋ. ಕ್ಯಾಂಬರ್ ಅಂದರೆ ಮುಂದೆ ನಿಂತು ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು. ಎರಡೂ ಒಳ ಅಂಚನ್ನು ತಿನ್ನಬಲ್ಲವು.

ಇವನ್ನು ಬೇರೆ ಮಾಡಿ ಹೇಳಲು ಕಣ್ಣಿಗಿಂತ ಅಂಗೈ ವಾಸಿ. ಟ್ರೆಡ್ ಮೇಲೆ ಅಂಗೈಯನ್ನು ಅಡ್ಡಡ್ಡ ಎಳೆದೆ. ಒಳಗಿನಿಂದ ಹೊರಕ್ಕೆ ಎಳೆದರೆ ನಯವಾಗಿ ಜಾರಿತು. ಹೊರಗಿನಿಂದ ಒಳಕ್ಕೆ ಎಳೆದರೆ ಪ್ರತಿ ಪಟ್ಟಿಯ ಅಂಚೂ ಗರಗಸದ ಹಲ್ಲಿನಂತೆ ಬೆರಳಿಗೆ ತಾಗಿತು. ಕ್ಯಾಂಬರ್ ಸವೆತದಲ್ಲಿ ಈ ಹಲ್ಲು ಇರುವುದಿಲ್ಲ. ಅದು ನುಣ್ಣಗೆ, ಓರೆಯಾಗಿ ತಿನ್ನುತ್ತದೆ. ಹಲ್ಲು ಬಂತು ಅಂದರೆ ಟೈರನ್ನು ಅಡ್ಡಕ್ಕೆ ಉಜ್ಜಲಾಗಿದೆ ಅಂತ ಅರ್ಥ. ಚೂಪು ಅಂಚು ಹೊರಗಡೆ ಮುಖ ಮಾಡಿದ್ದರಿಂದ ಚಕ್ರದ ಮೂತಿ ಹೊರಕ್ಕೆ ತಿರುಗಿಕೊಂಡು ಓಡಿದೆ, ಅಂದರೆ ಟೋ ಔಟ್.

ಟೋ ಎಷ್ಟು ಸಣ್ಣದಿದ್ದರೂ ಟೈರ್ ತಿನ್ನುತ್ತದೆ ಅನ್ನುವುದು ಲೆಕ್ಕ ಹಾಕುವವರೆಗೂ ನನಗೆ ನಂಬಿಕೆ ಇರಲಿಲ್ಲ. ಒಂದು ಚಕ್ರ ಕಾಲು ಡಿಗ್ರಿ ತಿರುಗಿದ್ದರೆ ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗಿಂತ ಜಾಸ್ತಿ ಅಡ್ಡಕ್ಕೆ ಹೋಗಲು ನೋಡುತ್ತದೆ. ಗಾಡಿ ಬಿಡುವುದಿಲ್ಲ. ಸ್ವಲ್ಪವನ್ನು ರಬ್ಬರ್ ಬಾಗಿ ತಡೆದುಕೊಳ್ಳುತ್ತದೆ, ಉಳಿದದ್ದು ರಸ್ತೆಗೆ ಉಜ್ಜಿ ಹೋಗುತ್ತದೆ. 14 ಇಂಚಿನ ರಿಮ್ಮಿನಲ್ಲಿ ಈ ಕಾಲು ಡಿಗ್ರಿ ಅಂದರೆ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಸುಮಾರು ಒಂದೂವರೆ ಮಿ.ಮೀ. ವ್ಯತ್ಯಾಸ. ಕಣ್ಣಿಗೆ ಕಾಣುವುದೇ ಇಲ್ಲ.

ಸರಿ, ಟೋ ಅಳೆಯೋಣ ಅಂತ ದಾರ ಕಟ್ಟಿದೆ. ಸಮತಟ್ಟಾದ ನೆಲ, ನಾಲ್ಕು ಸ್ಟ್ಯಾಂಡ್, ಎರಡು ನೈಲಾನ್ ದಾರ, ಒಂದು ಉಕ್ಕಿನ ಸ್ಕೇಲು. ಗಾಡಿಯ ಎರಡೂ ಬದಿಗೆ ಹಬ್ಬಿನ, ಅಂದರೆ ಚಕ್ರದ ನಡುಭಾಗದ, ಎತ್ತರದಲ್ಲಿ ಒಂದೊಂದು ದಾರ. ಎರಡೂ ದಾರದ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಆಮೇಲೆ ಎಡ, ಬಲ ಹಬ್ಬುಗಳಿಂದ ದಾರ ಸಮದೂರ ಇರಬೇಕು. ಮುಂದಿನ ಜೋಡಿಗೆ ಬೇರೆ, ಹಿಂದಿನ ಜೋಡಿಗೆ ಬೇರೆ ಲೆಕ್ಕ. ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಹಿಂದಿನ ಎರಡರದಕ್ಕಿಂತ ಬೇರೆ ಇರುವುದು ಮಾಮೂಲಿ, ಹಾಗಾಗಿ ದಾರವನ್ನು ನೇರ ಟೈರಿಗೆ ತಾಗಿಸಿ ಕಟ್ಟಿದರೆ ಕೆಲಸ ಕೆಟ್ಟಿತು. ಇಷ್ಟು ಹೊಂದಿಸಲು ಮೊದಲ ದಿನ ನನಗೆ ಎರಡು ಗಂಟೆ ಹಿಡಿಯಿತು. ನಡುವೆ ಒಂದು ಸಲ ದಾರ ಎಡವಿದೆ, ಮತ್ತೆ ಮೊದಲಿನಿಂದ.

ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ದೂರವನ್ನು ಮೊದಲು ಮೂರು ಸಲ ಅಳೆದಾಗ ಮೂರು ಬೇರೆ ಅಂಕಿ ಬಂತು. ಜ್ಯಾಕ್ ಹಾಕಿ ಇಳಿಸಿದ ಗಾಡಿಯ ಚಕ್ರಗಳು ತಮ್ಮ ಜಾಗಕ್ಕೆ ಕೂರುವುದಿಲ್ಲ ಅನ್ನುವುದನ್ನು ಮರೆತಿದ್ದೆ. ಗಾಡಿಯನ್ನು ಹಿಂದೆ ಮುಂದೆ ಎರಡು ಮೂರು ಮೀಟರ್ ಉರುಳಿಸಿ, ಬಾನೆಟ್ ಒತ್ತಿ ಕುಣಿಸಿ, ಆಮೇಲೆ ಅಳೆದೆ. ಚಕ್ರ ಸರಾಗವಾಗಿ ಜಾರಿ ಕೂರಲಿ ಅಂತ ಮುಂದಿನ ಚಕ್ರಗಳ ಕೆಳಗೆ ಎರಡೆರಡು ದಪ್ಪ ಪ್ಲಾಸ್ಟಿಕ್ ಹಾಳೆ, ನಡುವೆ ಗ್ರೀಸ್ ಸವರಿ ಇಟ್ಟೆ. ಆಗ ಅಂಕಿ ನಿಂತಿತು. ಎಡ ಚಕ್ರ ಅರ್ಧ ಮಿ.ಮೀ. ಒಳಕ್ಕೆ, ಬಲವೂ ಅಷ್ಟೇ. ಚೀಟಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ.

ಇಲ್ಲಿ ತಲೆ ಕೆಟ್ಟಿತು. ದಾರ ಹೇಳುತ್ತದೆ, ಮೂತಿ ಸ್ವಲ್ಪ ಒಳಕ್ಕೆ. ಟೈರ್ ಹೇಳುತ್ತದೆ, ಹೊರಕ್ಕೆ. ನಾನು ದಾರವನ್ನೇ ಅನುಮಾನಿಸಿ ಇನ್ನೊಂದು ಭಾನುವಾರ ಅದನ್ನೇ ಅಳೆದೆ. ಮತ್ತೆ ಅದೇ ಅಂಕಿ. ಆಮೇಲೆ ಹೊಳೆಯಿತು. ಇಬ್ಬರೂ ನಿಜ ಹೇಳುತ್ತಿರಬಹುದು ಅಲ್ವಾ? ದಾರ ನೋಡಿದ್ದು ನಿಂತ ಗಾಡಿಯನ್ನು. ಟೈರ್ ನೋಡಿದ್ದು ಓಡುವ ಗಾಡಿಯನ್ನು. ಹಾಗಾದರೆ ಓಡುವಾಗ ಏನೋ ಜಾಗ ಬಿಡುತ್ತಿದೆ.

ಚಕ್ರ ಎತ್ತಿ ಅಲ್ಲಾಡಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಗಡಿಯಾರದ 9 ಮತ್ತು 3ರ ಜಾಗ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ (ಸ್ಟೇರಿಂಗಿನಿಂದ ಚಕ್ರವನ್ನು ತಿರುಗಿಸುವ ಕೋಲು) ಲೂಸು ಗೊತ್ತಾಗುತ್ತದೆ, 12 ಮತ್ತು 6 ಹಿಡಿದರೆ ಬಾಲ್ ಜಾಯಿಂಟ್ (ಚಕ್ರದ ಹತ್ತಿರದ ಗುಂಡು ಕೀಲು). ಎರಡು ಕಡೆಯೂ ಅಲ್ಲಾಡಿದರೆ ಬೇರಿಂಗ್ ಮೇಲೆ ಅನುಮಾನ. ನನ್ನದರಲ್ಲಿ ಏನೂ ಅಲ್ಲಾಡಲಿಲ್ಲ. ಗಾಡಿಯನ್ನು ನೆಲದ ಮೇಲೇ ಬಿಟ್ಟು, ಇನ್ನೊಬ್ಬರ ಕೈಲಿ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಿ, ಪ್ರತಿ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಿದೆ. ಅಲ್ಲೂ ಏನಿಲ್ಲ.

ಆಗ ನೆನಪಾಯಿತು. ಕೆಲವು ತಿಂಗಳಿಂದ ರಿವರ್ಸ್ ತೆಗೆದು ಬ್ರೇಕ್ ಒತ್ತಿದರೆ ಎಡಗಡೆಯಿಂದ ಒಂದು "ಟಕ್" ಬರುತ್ತಿತ್ತು. ಡಿಕ್ಕಿಯಲ್ಲಿರುವ ಜ್ಯಾಕ್ ಸದ್ದು ಅಂದುಕೊಂಡಿದ್ದೆ. ಜೋರಾಗಿ ಬ್ರೇಕ್ ಹಾಕಿದರೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಅದಕ್ಕೆ ಟೈರ್ ಕಾರಣ ಅಂತ ಒಮ್ಮೆ ಎಡ ಬಲ ಅದಲು ಬದಲು ಮಾಡಿ ನೋಡಿದ್ದೆ. ಎಳೆತ ಬದಿ ಬದಲಿಸಿರಲಿಲ್ಲ. ಅಷ್ಟಾದರೂ ಆ ಎರಡನ್ನೂ ಒಟ್ಟಿಗೆ ಸೇರಿಸಿ ಯೋಚಿಸಿರಲಿಲ್ಲ.

ಫೋನನ್ನು ನೆಲದ ಮೇಲೆ ಇಟ್ಟಿಗೆಗೆ ಒರಗಿಸಿ, ಚಕ್ರ ಮತ್ತು ಅದರ ಮೇಲಿನ ಕಮಾನು ಎರಡೂ ಕಾಣುವ ಹಾಗೆ ವಿಡಿಯೋ ಹಾಕಿದೆ. ಗಾಡಿಯನ್ನು ನಡಿಗೆಯ ವೇಗದಲ್ಲಿ ಅದರ ಮುಂದೆ ತಂದು ಬ್ರೇಕ್. ರಿವರ್ಸ್ ಹೋಗಿ ಮತ್ತೆ ಬ್ರೇಕ್. ಬಲ ಚಕ್ರಕ್ಕೂ ಹೀಗೇ. ನಿಧಾನ ಮಾಡಿ ನೋಡಿದರೆ ಬಲ ಚಕ್ರ ಕಮಾನಿನ ನಡುವೆ ಹಾಗೇ ನಿಂತಿದೆ. ಎಡ ಚಕ್ರ ಬ್ರೇಕ್ ಹಿಡಿದ ಕ್ಷಣ ಹಿಂದಕ್ಕೆ ಸರಿಯುತ್ತದೆ, ಬಿಟ್ಟ ಕೂಡಲೇ ಮುಂದಕ್ಕೆ ಬರುತ್ತದೆ. ಹತ್ತು ಮಿ.ಮೀ. ಹತ್ತಿರ ಇರಬೇಕು. ಸರಿಯುವಾಗ ಮೂತಿ ಹೊರಕ್ಕೆ ತಿರುಗುವುದೂ ಕಂಡಿತು. ನಾಲ್ಕು ಸಲ ನೋಡಿದೆ. ಸುಳ್ಳು ಹೇಳುವುದೇಕೆ, ಖುಷಿಯೇ ಆಯಿತು.

ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಲೋವರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ತೋಳು; ಅದರ ಹಿಂದಿನ ಬುಷ್ (ರಬ್ಬರಿನ ಕೀಲು) ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು, ಮಣ್ಣು ಮೆತ್ತಿತ್ತು ಅಷ್ಟೇ. ತಂತಿ ಬ್ರಷ್ಷಿನಿಂದ ಉಜ್ಜಿ, ಸಣ್ಣ ಹಾರೆ ಸಿಕ್ಕಿಸಿ ಮೀಟಿದೆ. ರಬ್ಬರ್ ಬಾಯಿ ಬಿಟ್ಟಿತು. ನಡುವಿನ ಕೊಳವೆಯ ಸುತ್ತ ಮುಕ್ಕಾಲು ಭಾಗ ಹರಿದಿತ್ತು. ಗಾಡಿ ನಿಂತಾಗ ಹರಿದ ಎರಡು ತುದಿ ಒಂದಕ್ಕೊಂದು ಸೇರಿಕೊಂಡು ಸಾಚಾ ಮುಖ ಮಾಡುತ್ತಿದ್ದವು. ಅಲೈನ್‌ಮೆಂಟ್ ಯಂತ್ರ ನೋಡಿದ್ದು ಆ ಮುಖವನ್ನೇ.

ಬುಷ್ ಒಂದನ್ನೇ ಒತ್ತಿ ಕೂರಿಸುವ ಪ್ರೆಸ್ ನನ್ನ ಹತ್ತಿರ ಇಲ್ಲ. ಪೂರ್ತಿ ಆರ್ಮ್ ಬದಲಿಸಿದೆ. ಟೋ ಸರಿ ಮಾಡಿದೆ. ಎಳೆತ ಹೋಯಿತು, ಟಕ್ ಹೋಯಿತು. ಇಲ್ಲಿಗೆ ಕತೆ ಮುಗಿಯಬೇಕಿತ್ತು.

ಏಳು ತಿಂಗಳಿಗೆ ಟಕ್ ವಾಪಸ್ ಬಂತು. ಈ ಸಲ ಸೀದಾ ಹಾರೆ ಹಿಡಿದು ಹೋದೆ. ಹೊಸ ಬುಷ್ಷಿನಲ್ಲಿ ಆಗಲೇ ಬಿರುಕು. ಕಳಪೆ ಮಾಲು ಅಂತ ಬೈದುಕೊಂಡೆ. ತಪ್ಪು ನನ್ನದೇ ಆಗಿತ್ತು. ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಆರ್ಮಿನ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿದ್ದೆ. ಈ ಬುಷ್ ತಿರುಗುವ ಬೇರಿಂಗ್ ಅಲ್ಲ. ಒಳಗಿನ ಕೊಳವೆ ಬೋಲ್ಟಿಗೆ ಅಂಟಿ ನಿಲ್ಲುತ್ತದೆ, ರಬ್ಬರ್ ಮಾತ್ರ ತಿರುಚುತ್ತದೆ. ಜೋತ ಸ್ಥಿತಿಯಲ್ಲಿ ಬಿಗಿ ಮಾಡಿದರೆ ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಮೇಲೆ ಪ್ರತಿ ಗುಂಡಿ, ಪ್ರತಿ ಹಂಪ್ ಬೇರೆ.

ಎರಡನೇ ಸಲ ಕೆಲಸ ಶುರು ಮಾಡುವ ಮೊದಲೇ ಗಾಡಿ ನೆಲದ ಮೇಲಿರುವಾಗ ಹಬ್ಬಿನ ನಡುವಿನಿಂದ ಕಮಾನಿನ ಅಂಚಿನವರೆಗೆ ಅಳೆದೆ. 36.5 ಸೆಂ.ಮೀ. ಇತ್ತು. ಹೊಸ ಆರ್ಮ್ ಕೂರಿಸಿ, ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಬಿಟ್ಟೆ. ಆರ್ಮಿನ ಹೊರತುದಿಗೆ ಇನ್ನೊಂದು ಜ್ಯಾಕ್ ಕೊಟ್ಟು ಮತ್ತೆ 36.5 ಬರುವವರೆಗೆ ಎತ್ತಿದೆ. ಆಮೇಲೆ ಟಾರ್ಕ್ ಪಾನಾ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಹಿಡಿದು ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ. ಹೆಚ್ಚು ಅಂದರೆ ಹತ್ತು ನಿಮಿಷದ ಕೆಲಸ. ಅದನ್ನು ಬಿಟ್ಟಿದ್ದಕ್ಕೆ ಒಂದು ಆರ್ಮ್ ಹೋಯಿತು. ಬಲಗಡೆಯ ಆರ್ಮನ್ನೂ ಈ ಸಲವೇ ಬದಲಿಸಿದೆ. ಅದಕ್ಕೂ ಎಡಗಡೆಯ ಮೊದಲ ಆರ್ಮಿನಷ್ಟೇ ವಯಸ್ಸಾಗಿತ್ತು.

ಟೋ ಹೊಂದಿಸುವುದರ ಬಗ್ಗೆ ಒಂದೇ ಮಾತು. ಟೈ ರಾಡಿನ ಲಾಕ್ ನಟ್ ಸಡಿಲಿಸಿ ಕಾಲು ಸುತ್ತು ತಿರುಗಿಸಿದರೆ ನನ್ನ ಗಾಡಿಯಲ್ಲಿ ರಿಮ್ಮಿನ ಹತ್ತಿರ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬದಲಾಗುತ್ತದೆ. ಎರಡೂ ಕಡೆ ಸಮವಾಗಿ ತಿರುಗಿಸದಿದ್ದರೆ ಟೋ ಸರಿಯಾದರೂ ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ. ರಾಡ್ ತಿರುಗುವಾಗ ಅದರ ರಬ್ಬರ್ ಕವಚ (ಬೂಟ್) ಜೊತೆಗೆ ತಿರುಚಿಕೊಳ್ಳದ ಹಾಗೆ ಅದರ ಕ್ಲಿಪ್ ಮೊದಲು ಬಿಚ್ಚಬೇಕು.

ಅಲೈನ್‌ಮೆಂಟ್ ಯಂತ್ರದ ಮೇಲೆ ಈಗ ನನಗೆ ಸಿಟ್ಟಿಲ್ಲ. ಕ್ಯಾಂಬರ್, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೇರಿಂಗಿನ ಅಚ್ಚು ಎಷ್ಟು ವಾಲಿದೆ ಅನ್ನುವುದು), ಹಿಂದಿನ ಚಕ್ರಗಳು ಗಾಡಿಯ ನಡುಗೆರೆಗೆ ನೇರ ಇವೆಯಾ ಅನ್ನುವುದನ್ನೆಲ್ಲ ಅದು ನನ್ನ ದಾರಕ್ಕಿಂತ ಚೆನ್ನಾಗಿ ಹೇಳುತ್ತದೆ. ಎರಡನೇ ಆರ್ಮ್ ಕೂರಿಸಿದ ಮೇಲೆ ಅಲ್ಲಿಗೇ ಹೋಗಿ ತೋರಿಸಿದೆ. ಆದರೆ ಹೋಗುವ ಮುಂಚೆ ನಾಲ್ಕೂ ಕಡೆ ಹಾರೆ ಹಾಕಿ ಮೀಟಿ ನೋಡಿದ್ದೆ. ಹಿಂದೆ ಕೊಟ್ಟ ಮೂರು ಚೀಟಿಗಳನ್ನೂ ಜೊತೆಗೆ ಒಯ್ದಿದ್ದೆ. ಮೂರನ್ನೂ ಸಾಲಾಗಿ ಇಟ್ಟು ನೋಡಿದರೆ ಸರಿ ಮಾಡುವ ಮೊದಲಿನ ಅಂಕಿಗಳಲ್ಲಿ ಎಡ ಚಕ್ರದ ಟೋ ಮಾತ್ರ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿತ್ತು, ಬಲದ್ದು ಅಲುಗಿರಲಿಲ್ಲ. ಹಸಿರು ಬಣ್ಣ ನೋಡುತ್ತಾ ಆ ಸಾಲನ್ನು ನಾನು ಓದಿಯೇ ಇರಲಿಲ್ಲ.

ಹೊಸ ಟೈರ್ ಹಾಕಿ ಈಗ 11,000 ಕಿ.ಮೀ. ಪ್ರತಿ ಸಾವಿರಕ್ಕೊಮ್ಮೆ ಗೇಜ್ ಇಡುತ್ತೇನೆ. ಹೋದ ವಾರ ಎಡ ಮುಂದಿನದು ಹೊರಗೆ 5.9, ನಡುವೆ 5.8, ಒಳಗೆ 5.7. ಸ್ಟೇರಿಂಗ್ ಕೂದಲೆಳೆಯಷ್ಟು ಬಲಕ್ಕೆ ನಿಲ್ಲುತ್ತದೆ. ಅದನ್ನು ಇನ್ನೂ ಮುಟ್ಟಿಲ್ಲ.